ಹತ್ತು ಪರ್ಸೆಂಟಿನಲ್ಲಿ

ಆರಾಧ್ಯ ಸಾಹೇಬರು ಬಾಗಿಲಲ್ಲೇ ನಿಂತು ಕೇಳಿದರು:
"ಒಟ್ಟಾರೆ ಹೇಗಿದೆಯಮ್ಮ? ಒಂದೇ ನೋಟಕ್ಕೆ ಹೇಳು."

ಒಂದೇ ನೋಟಕ್ಕೆ!
ಇನ್ನೂರ ಎಪ್ಪತ್ತೆರಡು ಊರು, ನೂರೈವತ್ತು ದಿನ,
ಬೆಳಗಿನ ಹಾಲಿಗೊಂದು ಮನೆ, ಸಂಜೆಯದಕ್ಕೊಂದು,
ಎಂಬತ್ತೊಂದು ಸಾವಿರದ ಆರುನೂರು ಮನೆ.
ಗೆಜ್ಜಲಗೆರೆ ಡೇರಿಯ ಈ ಹಳೇ ಕಂಪ್ಯೂಟರು
ಕಡತ ತೆರೆಯುವಷ್ಟರಲ್ಲಿ ಟೀ ಆರಿರುತ್ತದೆ.

ನೂರು ಪರ್ಸೆಂಟಿನಲ್ಲಿ ನನಗೆ ಕಾಣುವುದು
ಇಪ್ಪತ್ತೆಂಟು ಊರು, ಹದಿನೈದು ದಿನ.
ಮೇಲಿನ ತಾರೀಖನ್ನೂ ಎಡದ ಹೆಸರನ್ನೂ
ಗೂಟಕ್ಕೆ ಕರು ಕಟ್ಟಿದ ಹಾಗೆ ಕಟ್ಟಿಹಾಕಿದ್ದೇನೆ,
ಎಷ್ಟು ದೂರ ಓಡಿದರೂ ದಿಕ್ಕು ತಪ್ಪದಿರಲೆಂದು.
ಒಮ್ಮೆ ಬೆರಳು ಜಾರಿ ಕಂಟ್ರೋಲ್ ಎಂಡ್ ಒತ್ತಿದೆ:
ಎಸೆದುಬಿಟ್ಟಿತು ನಲವತ್ತೆಂಟು ಸಾವಿರದ ಸಾಲಿಗೆ.
ಸುತ್ತ ಬಟಾಬಯಲು,
ಒಂದು ಮನೆಯಲ್ಲಿ ಒಂಟಿ ಚುಕ್ಕಿ.
ನನಗಿಂತ ಮುಂಚೆ ಇಲ್ಲಿ ಕೂತಿದ್ದ ಪಾರ್ಥಸಾರಥಿ
ಅಷ್ಟು ದೂರ ಯಾಕೆ ಹೋಗಿದ್ದನೋ.
ಅಳಿಸಲಿಲ್ಲ. ಇರಲಿ, ಗಡಿಕಲ್ಲು.

ಇವತ್ತು ಮೌಸಿನ ಗಾಲಿಯನ್ನು ಹಿಂದಕ್ಕೆ ತಿರುಗಿಸಿದೆ.
ಎಪ್ಪತ್ತು: ಅಂಕಿಯೆಲ್ಲ ಅವರೆಕಾಳು.
ನಲವತ್ತು: ರಾಗಿ.
ಇಪ್ಪತ್ತು: ಬೀಸಿದ ಹಿಟ್ಟು.
ಹತ್ತಕ್ಕೆ ಬಂದು ನಿಂತಿತು, ಇನ್ನು ಹಿಂದೆ ಗೋಡೆ.
ಓದಲು ಏನೂ ಇಲ್ಲ, ನೋಡಲು ಮಾತ್ರ.

ಊರಿನ ಸರಾಸರಿಗಿಂತ ಹೆಚ್ಚಿದ್ದರೆ ಹಸಿರು, ಕಮ್ಮಿಗೆ ಹಳದಿ
ಬಳಿಯಲು ಮೊದಲೇ ಹೇಳಿಟ್ಟಿದ್ದೆ.
ಬಳಿದಿತ್ತು, ಪಾಪ,
ಚಿತ್ರಾನ್ನ ಚೆಲ್ಲಿದ ಜಮಖಾನದ ಹಾಗೆ.
ಸಾಹೇಬರು ಕನ್ನಡಕ ಏರಿಸಿ "ಏನಿದು?" ಅಂದರು.
"ಒಟ್ಟಾರೆ, ಸಾರ್" ಅಂದೆ.

ಬಿಲ್ಲಿಗೆ ಸಹಿ ಹಾಕಿಸಲು ಬಂದಿದ್ದ ಟ್ಯಾಂಕರಿನ ಚಿಕ್ಕಮರಿಯಪ್ಪ
ನನ್ನ ಹೆಗಲ ಮೇಲಿಂದ ಬಗ್ಗಿದ.
"ಊರುಗಳ್ನ ಹೆಂಗೆ ಕೂರ್ಸಿದ್ದೀಯವ್ವ?"
"ಅಕಾರಾದಿ, ಅಣ್ಣ."
ನಕ್ಕ. ಎಲೆಯಡಿಕೆ ಬಾಯಿ.
"ಊರೇನು ಅ ಆ ಇ ಈ ಬರ್ಕೊಂಡು ಹುಟ್ಟವಾ?
ಅಡಗನಬೋರೆ ಮಗ್ಗುಲಿಗೆ ಅರಲಕೊಪ್ಪ ಮಡಗಿದ್ದೀಯ,
ಎರಡೂ ಸುತ್ತೋಕೆ ನಂಗೆ ಅರ್ಧ ದಿನ.
ನಾಲೆ ಹೆಂಗೆ ಹೋಯ್ತದೋ ಹಂಗೆ ಕೂರ್ಸು."

ಎರಡು ಮಧ್ಯಾಹ್ನ ಅವನು ಹೇಳಿದ, ನಾನು ಬರೆದೆ.
ತೂಬಿನ ಹತ್ತಿರದವು ಮೊದಲು: ಹೊನ್ನಗಟ್ಟ, ಸುಂಕದಮೋಳೆ, ಕಿರುಗದ್ದೆ.
ಕೊನೆಗೆ ಬಾಲದ ಊರುಗಳು,
ಅಲ್ಲಿಗೆ ಮುಟ್ಟುವಷ್ಟರಲ್ಲಿ ನಾಲೆಗೇ ಸುಸ್ತು.
ಹೆಸರು ಬಾಯಿಗೆ ಬಾರದಿದ್ದಾಗ ಕಣ್ಣು ಮುಚ್ಚಿ
ಗಾಳಿಯಲ್ಲಿ ಸ್ಟೇರಿಂಗ್ ತಿರುಗಿಸುತ್ತಿದ್ದ:
"ಇಲ್ಲಿ ಎಡಕ್ಕೆ... ಅರಳಿಕಟ್ಟೆ... ಹಾಂ, ತಟ್ಟೇಕೆರೆ."

ಮತ್ತೆ ಹತ್ತು ಪರ್ಸೆಂಟು.
ಶ್ರಾವಣದ ಮೇಲಿನ ಮೂಲೆಯಿಂದ ಕಾರ್ತಿಕದ ಕೆಳಗಿನಂಚಿಗೆ
ಓರೆಯಾಗಿ ಒಂದು ಹಸಿರು ಪಟ್ಟಿ,
ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿತ್ತು.
ತೂಬೆತ್ತಿದ ಮೇಲೆ ಬದುವಿನ ಹುಲ್ಲು ಚಿಗುರಿ, ಎಮ್ಮೆ ಮೆಂದು,
ಒಂದಷ್ಟು ದಿನ ತಡೆದು ಕ್ಯಾನು ತುಂಬಿ;
ಆಮೇಲೆ ಅದರ ಕೆಳಗಿನೂರು, ಆಮೇಲೆ ಅದರ ಕೆಳಗಿನದು.
ನೀರಿನ ಒಂದು ಹನಿಯನ್ನೂ ನಾನು ಟೈಪು ಮಾಡಿರಲಿಲ್ಲ.
ಹಾಲನ್ನಷ್ಟೆ.
ನಾಲೆ ತಾನೇ ಬಂದು ಮಲಗಿತ್ತು.

ಸಾಹೇಬರು ಸ್ವಲ್ಪ ಹೊತ್ತು ಮಾತಾಡಲಿಲ್ಲ.
ಆಮೇಲೆ ಪ್ರಿಂಟ್ ಕೇಳಿದರು.
ಕಂಪ್ಯೂಟರು ಆ ಒಂಟಿ ಚುಕ್ಕಿಯ ತನಕ ನಡೆದು ಎಣಿಸಿ
ಹತ್ತಾರು ಸಾವಿರ ಪುಟ ಅಂದಿತು.
ಪಾರ್ಥಸಾರಥಿ, ಮಹರಾಯ!
"ಬೇಡ ಬಿಡಮ್ಮ" ಅಂದರು.

ಎಲ್ಲರೂ ಹೋದ ಮೇಲೆ ನೋಡಿದೆ:
ಹಸಿರಿನ ನಡುವೆ ಒಂದು ಕಡೆ ಮುಳ್ಳಿನ ಮೊನೆಯಷ್ಟು ಹಳದಿ.
ಧೂಳೆಂದು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ.
ಗಾಲಿ ಮುಂದಕ್ಕೆ: ಹಿಟ್ಟು, ರಾಗಿ, ಅವರೆಕಾಳು, ಅಂಕಿ.
ತಟ್ಟೇಕೆರೆ. ಸೆಪ್ಟೆಂಬರ್ ಒಂಬತ್ತು, ಸಂಜೆ. ಸೊನ್ನೆ.
ನಾನೇ ಹಾಕಿದ್ದು. ಫೋನಿನಲ್ಲಿ ಹೇಳಿದ್ದರು:
ಅಲ್ಲಿ ಇಪ್ಪತ್ತು ವರ್ಷದಿಂದ ಹಾಲು ಅಳೆಯುತ್ತಿದ್ದ ತಾಯಮ್ಮನನ್ನು
ಮಣ್ಣು ಮಾಡಿ ಬರುವಷ್ಟರಲ್ಲಿ ಕತ್ತಲಾಯಿತು,
ಅಳತೆಗೆ ಯಾರೂ ಕೂರಲಿಲ್ಲ,
ಊರಿಗೆ ಊರೇ ಹೆಪ್ಪು ಹಾಕಿತು ಅಂತ.

ಆ ಮನೆಗೊಂದು ಟಿಪ್ಪಣಿ ಅಂಟಿಸಿದೆ. ತಾಯಮ್ಮ, ಅಷ್ಟೇ.
ಮೂಲೆಯಲ್ಲಿ ಸಣ್ಣ ಕೆಂಪು ಮೂಡಿತು.
ಹತ್ತಕ್ಕೆ ಹಿಂದೆ ಸರಿದು ನೋಡಿದೆ, ಕಾಣಲಿಲ್ಲ.
ಸೇವ್ ಒತ್ತಿ
ಆರೂ ಹತ್ತರ ಮದ್ದೂರು ಬಸ್ಸಿಗೆ ಓಡಿದೆ.